ಅಪ್‌ಡೇಟ್: 512 ಎಂಬಿ ಮೆಮೊರಿಯ ಸಾಧನಕ್ಕೆ ಯಾವ ಕ್ಯಾಶ್ ವಿಧಾನ ಸೂಕ್ತ?

ರಾಸ್ಪ್‌ಬೆರಿ ಪೈ ಝೀರೋ 2 ಡಬ್ಲ್ಯೂ ಎಂಬ ಪುಟ್ಟ ಕಂಪ್ಯೂಟರ್‌ನಲ್ಲಿ ಸೆನ್ಸರ್ ದತ್ತಾಂಶದ ಕ್ಯಾಶ್‌ಗೆ (ಮತ್ತೆ ಬೇಕಾಗುವ ದತ್ತಾಂಶವನ್ನು ಬೇಗ ಸಿಗುವಂತೆ ಇಡುವ ಜಾಗ) ಎಲ್‌ಆರ್‌ಯು (ಬಹಳ ಹೊತ್ತಿನಿಂದ ಬಳಸದ ನಮೂದನ್ನು ಮೊದಲು ಹೊರಹಾಕುವ ವಿಧಾನ) ಸಾಕೇ, ಎಆರ್‌ಸಿ (ಎಷ್ಟು ಇತ್ತೀಚೆಗೆ, ಎಷ್ಟು ಸಲ ಬಳಸಿದೆ ಎಂಬ ಎರಡನ್ನೂ ನೋಡಿ ಹೊಂದಿಕೊಳ್ಳುವ ವಿಧಾನ) ಬೇಕೇ ಎಂದು ಹಿಂದೆ ಇಲ್ಲಿ ಕೇಳಿದ್ದೆ. ಹಿಟ್ ಪ್ರಮಾಣವೊಂದನ್ನೇ (ಕೇಳಿದ್ದು ಕ್ಯಾಶ್‌ನಲ್ಲೇ ಸಿಗುವ ಪ್ರಮಾಣ) ನಂಬದೆ, ನನ್ನದೇ ಕೋರಿಕೆಗಳನ್ನು ದಾಖಲಿಸಿಕೊಂಡು ಅವುಗಳ ಮೇಲೆಯೇ ಎಲ್ಲ ವಿಧಾನಗಳನ್ನೂ ಅಳೆಯುವಂತೆ ನೀವು ಸೂಚಿಸಿದ್ದಿರಿ. ಹಾಗೆಯೇ ಮಾಡಿದೆ, ನಿಮಗೆಲ್ಲ ಮನಃಪೂರ್ವಕ ಕೃತಜ್ಞತೆಗಳು.

ನನ್ನ ಕಣ್ಣು ತೆರೆಸಿದ್ದು ಮೆಮೊರಿಯ ಲೆಕ್ಕ. ನನ್ನ ಒಂದೊಂದು ರೀಡಿಂಗ್ ಕೇವಲ 8 ಬೈಟ್. ಆದರೆ 64 ಬಿಟ್ ವ್ಯವಸ್ಥೆಯಲ್ಲಿ ಎಲ್‌ಆರ್‌ಯು ಪಟ್ಟಿಯ ಪ್ರತಿ ನಮೂದಿನಲ್ಲೂ ಹಿಂದಿನ, ಮುಂದಿನ ನಮೂದುಗಳ ವಿಳಾಸ ಹಿಡಿದಿಡುವ ಎರಡು ಪಾಯಿಂಟರ್‌ಗಳೇ 16 ಬೈಟ್ ನುಂಗುತ್ತವೆ. 2003ರಲ್ಲಿ ಐಬಿಎಂನ ನಿಮ್ರೋದ್ ಮೆಗಿಡ್ಡೊ ಮತ್ತು ಧರ್ಮೇಂದ್ರ ಮೋಧ ಮಂಡಿಸಿದ ಎಆರ್‌ಸಿ, ಹೊರಹಾಕಿದ ನಮೂದುಗಳ ಕೀಲಿಗಳನ್ನೂ (ನಮೂದನ್ನು ಗುರುತಿಸುವ ಹೆಸರುಗಳು) ನೆನಪಿಟ್ಟುಕೊಳ್ಳುವುದರಿಂದ ಇನ್ನಷ್ಟು ಜಾಗ ಬೇಡುತ್ತದೆ. ಆದ್ದರಿಂದ ಹಲವು ರೀಡಿಂಗ್‌ಗಳನ್ನು ಒಂದೇ ಬ್ಲಾಕ್ ಆಗಿ ಕಟ್ಟಿ, ಆ ಬ್ಲಾಕನ್ನೇ ಒಂದು ನಮೂದಾಗಿಸಿದೆ.

ಬಳಿಕ 2024ರಲ್ಲಿ ಪ್ರಕಟವಾದ ಸೀವ್ ವಿಧಾನವನ್ನು ಪ್ರಯತ್ನಿಸಿದೆ. ಇದರಲ್ಲಿ ಹಿಟ್ ಆದಾಗ ನಮೂದನ್ನು ಪಟ್ಟಿಯ ಮುಂದಕ್ಕೆ ಸರಿಸದೆ ಒಂದು ಬಿಟ್ ಮಾತ್ರ ಗುರುತಿಸುವುದರಿಂದ, ಪ್ರತಿ ಓದಿಗೂ ಲಾಕ್ (ಏಕಕಾಲಕ್ಕೆ ಹಲವು ಕಾರ್ಯಗಳು ಪಟ್ಟಿಯನ್ನು ಬದಲಿಸದಂತೆ ಹಾಕುವ ತಡೆ) ಹಿಡಿಯುವ ಅಗತ್ಯ ಬೀಳಲಿಲ್ಲ. ಆದರೆ ಇಡೀ ದತ್ತಾಂಶವನ್ನು ಒಮ್ಮೆ ಓದಿಬಿಡುವ ರಾತ್ರಿಯ ವರದಿ ಕಾರ್ಯದ ಮುಂದೆ ಎಲ್‌ಆರ್‌ಯು, ಸೀವ್ ಎರಡೂ ಸೋತವು (ಪದೇ ಪದೇ ಬೇಕಾದ ನಮೂದುಗಳು ಹೊರಬಿದ್ದವು), ಎಆರ್‌ಸಿ ತಾಳಿಕೊಂಡಿತು. ಆ ಕಾರ್ಯವು ಕ್ಯಾಶನ್ನು ಬಳಸದಂತೆ ಮಾಡಿದ ಮೇಲೆ ನನಗೆ ಸೀವ್ ಸಾಕೆನಿಸಿದೆ.

ಇನ್ನೊಂದು ಮಾತು: ಚಿಪ್ 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ನನ್ನ ಮೊದಲ ಅಳತೆಗಳು ಇದರಿಂದಲೇ ಕೆಟ್ಟಿದ್ದವು. ಈಗ ಪ್ರತಿ ಪರೀಕ್ಷೆಯ ಜೊತೆಗೆ ತಾಪಮಾನವನ್ನೂ ದಾಖಲಿಸುತ್ತಿದ್ದೇನೆ.