ಯೀಸ್ಟ್ ಬಲೂನ್ ಉಬ್ಬುತ್ತಲೇ ಇಲ್ಲ, ಇದು ಮೂರನೇ ಸಲ

ಬಲೂನ್_ಬೇಸರ:
ತಲೆ ಕೆಟ್ಟುಹೋಗಿದೆ. ಬಾಟಲಿಗೆ ಬೆಚ್ಚಗಿನ ನೀರು, ಒಣ ಯೀಸ್ಟ್, ಸಕ್ಕರೆ ಹಾಕಿ ಬಾಯಿಗೆ ಬಲೂನ್ ಸಿಕ್ಕಿಸಿದ್ದೇನೆ. ಯೀಸ್ಟ್ ಸಕ್ಕರೆ ಹುದುಗಿಸಿ ಬಿಡುವ ಕಾರ್ಬನ್ ಡೈಆಕ್ಸೈಡ್ ಅದನ್ನು ಉಬ್ಬಿಸಬೇಕು. ಮೊದಲು ಚೂರು ನೊರೆ ಬರುತ್ತದೆ, ಆಮೇಲೆ ಸತ್ತ ಹಾಗೆ ಕೂತುಬಿಡುತ್ತದೆ. ಎರಡು ಗಂಟೆಯಾದರೂ ಬಲೂನ್ ಜೋತುಬಿದ್ದೇ ಇದೆ. ನಾನಂತೂ ಎಲ್ಲಾ ಸರಿಯಾಗಿಯೇ ಮಾಡಿದ್ದೇನೆ.

ಬಿಸಿನೀರು:
ನೀರಿನ ಬಿಸಿ ಜಾಸ್ತಿಯಾಗಿದೆ. 60 ಡಿಗ್ರಿ ಮುಟ್ಟಿದರೆ ಯೀಸ್ಟ್ ಕತೆ ಮುಗೀತು.

ಬಲೂನ್_ಬೇಸರ:
37 ಡಿಗ್ರಿ. ಅಳೆದೇ ಹಾಕಿದ್ದು.

ಬಿಸಿನೀರು:
ಥರ್ಮಾಮೀಟರ್ ನಂಬಬೇಡಿ. ಕರಗುತ್ತಿರುವ ಐಸ್‌ನಲ್ಲಿಟ್ಟು 0 ತೋರಿಸುತ್ತದಾ ನೋಡಿ.

ಬಲೂನ್_ಬೇಸರ:
ನೋಡಿದೆ. 0 ತೋರಿಸುತ್ತಿದೆ.

ಬಿಸಿನೀರು:
ಹಾಗಾದರೆ ಸುರಿಯುವಾಗ ಬಿಸಿ ಇದ್ದಿರಬೇಕು.

ಎಟಿಪಿ38:
ಬಿಸಿ ಅಲ್ಲ ಮಾರಾಯ್ರೇ, ಬಾಟಲಿಯೊಳಗೆ ಗಾಳಿ ಉಳಿದಿದೆ, ಅದಕ್ಕೇ ಯೀಸ್ಟ್ ಹುದುಗಿಸುತ್ತಿಲ್ಲ. ಆಮ್ಲಜನಕ ಇದ್ದರೆ ಒಂದು ಗ್ಲೂಕೋಸ್‌ಗೆ 38 ಎಟಿಪಿ (ಜೀವಕೋಶ ಖರ್ಚು ಮಾಡುವ ಶಕ್ತಿಯ ನಾಣ್ಯ), ಹುದುಗುವಿಕೆಯಲ್ಲಿ ಬರೀ 2. ಯಾವ ಜೀವಕೋಶ 38 ಬಿಟ್ಟು 2 ತಗೊಳ್ಳುತ್ತೆ?

ಗುಳ್ಳೆ:
ಬೇಕರಿ ಯೀಸ್ಟ್ ತಗೊಳ್ಳುತ್ತೆ! ಸಕ್ಕರೆ ಧಾರಾಳವಾಗಿದ್ದರೆ ಅದು ಗಾಳಿ ಇದ್ದರೂ ಹುದುಗಿಸುತ್ತದೆ. ಇನ್ನು ಆ 38 ಹಳೇ ಪುಸ್ತಕದ ಲೆಕ್ಕ. ಈಗ 30ರಿಂದ 32 ಅನ್ನುತ್ತಾರೆ, ಅದೂ ನಮ್ಮಂಥವರ ಜೀವಕೋಶಕ್ಕೆ. ಬೇಕರಿ ಯೀಸ್ಟ್‌ನ ಮೈಟೋಕಾಂಡ್ರಿಯಾದಲ್ಲಿ, ಅಂದರೆ ಆಮ್ಲಜನಕ ಬಳಸಿ ಎಟಿಪಿ ಮಾಡುವ ಭಾಗದಲ್ಲಿ, ಕಾಂಪ್ಲೆಕ್ಸ್ 1 ಅನ್ನುವ ಪಂಪ್ ಇಲ್ಲವೇ ಇಲ್ಲ. ಎಟಿಪಿ ಆಗುವುದೇ ಪ್ರೋಟಾನ್ ತಳ್ಳಿದ ಬಲದಿಂದ. ತಳ್ಳುವ ಒಂದು ಪಂಪೇ ಕಡಿಮೆ, ಹಾಗಾಗಿ ಎಟಿಪಿಯೂ ಕಡಿಮೆ.

ಎಟಿಪಿ38:
ಪರೀಕ್ಷೆಯಲ್ಲಿ 38 ಅಂತ ಬರೆದೇ ನನಗೆ ಪೂರ್ತಿ ಅಂಕ ಬಂದಿದೆ.

ಗುಳ್ಳೆ:
ಅಂಕ ನಿಮಗೆ ಬಂತು. ಯೀಸ್ಟ್‌ಗೆ ಎಟಿಪಿ ಬರಬೇಕಲ್ಲ.

ಸೆನ್ಸರ್_ಸರದಾರ:
ಇನ್ನೂ ಬಲೂನ್ ಬಳಸುತ್ತೀರಾ? ನನ್ನದು ವಾಟರ್ ಬಾತ್, ಅದಕ್ಕೆ ಥರ್ಮೋಸ್ಟಾಟ್, ಮುಚ್ಚಳಕ್ಕೆ ಪ್ರೆಶರ್ ಸೆನ್ಸರ್. 10 ಸೆಕೆಂಡಿಗೊಂದು ರೀಡಿಂಗ್. ಫೋಟೋ ಆಮೇಲೆ ಹಾಕುತ್ತೇನೆ.

ಮೂಲೆಮನೆ:
ಸುಮ್ನೆ ಒಂದು ಪ್ರಶ್ನೆ. ಹಾಕಿದ್ದು ಯಾವ ಸಕ್ಕರೆ?

ಬಲೂನ್_ಬೇಸರ:
ಸಕ್ಕರೆ ಅಂದರೆ ಸಕ್ಕರೆ, ಅಲ್ವಾ? ಲ್ಯಾಕ್ಟೋಸ್ ಪುಡಿ ಇತ್ತು, ಅದನ್ನೇ ಹಾಕಿದೆ.

ಮೂಲೆಮನೆ:
ಅಯ್ಯೋ, ಇದನ್ನು ಮೊದಲೇ ಹೇಳಬಾರದಿತ್ತಾ! ಲ್ಯಾಕ್ಟೋಸ್ ಅಂದರೆ ಗ್ಲೂಕೋಸ್, ಗ್ಯಾಲಕ್ಟೋಸ್ ಎರಡೂ ಅಂಟಿಕೊಂಡ ಜೋಡಿ. ಅದನ್ನು ಒಳಗೆ ಬಿಟ್ಟುಕೊಳ್ಳುವ ಬಾಗಿಲೂ ಬೇಕರಿ ಯೀಸ್ಟ್‌ಗಿಲ್ಲ, ಕತ್ತರಿಸುವ ಲ್ಯಾಕ್ಟೇಸ್ ಕಿಣ್ವವೂ ಇಲ್ಲ. ಎಲೆ ತುಂಬ ಬಡಿಸಿ ಬಾಯಿ ಕಟ್ಟಿದ ಹಾಗೆ.

ನಿಮ್ಮ ಮೊದಲ ನೊರೆಗೂ ಕಾರಣ ಇದೆ. ಯೀಸ್ಟ್ ತನ್ನೊಳಗೆ ಗ್ಲೈಕೋಜನ್, ಟ್ರೆಹಲೋಸ್ ಅಂತ ಗ್ಲೂಕೋಸಿನ ಬುತ್ತಿ ಕೂಡಿಟ್ಟುಕೊಂಡಿರುತ್ತದೆ. ಒಣಗಿದಾಗ ಜೀವಕೋಶ ಹಾಳಾಗದಂತೆ ಕಾಯುವುದೂ ಈ ಟ್ರೆಹಲೋಸೇ. ನೀರು ಬಿದ್ದ ಕೂಡಲೇ ಆ ಗಂಟು ಬಿಚ್ಚಿ ಸ್ವಲ್ಪ ಹೊತ್ತು ಸಂಸಾರ ನಡೆಸಿದೆ. ಗಂಟು ಕರಗಿತು, ಹೊರಗಿನ ಸಂಪಾದನೆ ಸೊನ್ನೆ. ಸತ್ತಿಲ್ಲ, ಚೆಲ್ಲಬೇಡಿ. ಅದೇ ಬಾಟಲಿಗೆ ಒಂದು ಚಮಚ ಗ್ಲೂಕೋಸ್ ಹಾಕಿ.

ಗುಳ್ಳೆ:
ಇನ್ನೊಂದು ಬಾಟಲಿಗೆ ಲ್ಯಾಕ್ಟೇಸ್ ಹಾಕಿಯೂ ನೋಡಿ. ಒಡೆದ ಮೇಲೆ ಯೀಸ್ಟ್ ಗ್ಲೂಕೋಸನ್ನೇ ಮೊದಲು ಮುಗಿಸುತ್ತದೆ. ಗ್ಯಾಲಕ್ಟೋಸ್‌ಗೆ ಬೇಕಾದ ಕಿಣ್ವಗಳನ್ನು ಆಮೇಲೆ ಮಾಡಿಕೊಳ್ಳಬೇಕು, ಹಾಗಾಗಿ ನಡುವೆ ನಿಧಾನವಾದರೆ ಗಾಬರಿ ಬೇಡ.

ಬಲೂನ್_ಬೇಸರ:
ಗ್ಲೂಕೋಸ್ ಹಾಕಿ 40 ನಿಮಿಷ. ಬಲೂನ್ ಎದ್ದು ನಿಂತಿದೆ! ಲ್ಯಾಕ್ಟೇಸ್ ಬಾಟಲಿ ಈಗಷ್ಟೇ ಇಟ್ಟೆ, ಇನ್ನೂ ಏನೂ ಕಾಣುತ್ತಿಲ್ಲ.

ಬಿಸಿನೀರು:
ಅದರ ನೀರು ಎಷ್ಟು ಬಿಸಿ ಇದೆ?