ದಲ್ಲಾಳಿ ತಂದ ಸಂಬಂಧ: ಮೊದಲ ಭೇಟಿಗೆ ಹೋಗುವ ಮುಂಚೆ ಏನೇನು ಕೇಳಬೇಕು?

ಮಳೆಬಿಲ್ಲು:
ವಯಸ್ಸು 24. ಮದುವೆ ದಲ್ಲಾಳಿ ಮೂರು ಬಯೋಡೇಟಾ ಕಳಿಸಿದ್ದಾರೆ, ಒಬ್ಬರ ಜೊತೆ ಮುಂದಿನ ವಾರ ಭೇಟಿ. ಮೂರೂ ಒಂದೇ ಅಚ್ಚಿನಲ್ಲಿ ತೆಗೆದ ಹಾಗಿವೆ: ಸರಳ ಸ್ವಭಾವ, ಒಳ್ಳೇ ಮನೆತನ. ದಲ್ಲಾಳಿ ಹತ್ತಿರ ಮೊದಲೇ ಏನು ಕೇಳಿಟ್ಟುಕೊಳ್ಳಬೇಕು? ಭೇಟಿ ಎಷ್ಟು ಹೊತ್ತು? ಬೇಡ ಅನ್ನಿಸಿದರೆ ಹೇಳೋದು ಹೇಗೆ?

ಹಳೇಕೊಡೆ:
ಮೊದಲು ಕೇಳಬೇಕಾದ್ದು ಅವರಿಗೆ ದುಡ್ಡು ಯಾವಾಗ, ಯಾರಿಂದ ಸಿಗುತ್ತೆ ಅಂತ. ಮದುವೆ ಆದ ಮೇಲಷ್ಟೇ ಅಂದರೆ ಬೇಗ ಕುದುರಿಸುವ ಆತುರ, ಹುಳುಕು ಮುಚ್ಚುವ ಆಸೆ ಎರಡೂ ಇರುತ್ತವೆ. ಭೇಟಿಗೆ ಇಷ್ಟು ಅಂದರೆ ಹೊಂದದವರನ್ನೂ ಸಾಲಾಗಿ ತಂದು ನಿಲ್ಲಿಸುತ್ತಾರೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನೋ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

'ಒಳ್ಳೆಯವರು ಬೇಕು' ಅಂದರೆ ಏನೂ ಹೇಳಿದ ಹಾಗಾಗಲ್ಲ. ಖಂಡಿತ ಬೇಡದ್ದು ಮೂರೇ ಮೂರು ಹೇಳಿ: ಸಿಗರೇಟು ಬೇಡ, ಕೆಲಸ ಬಿಡಬೇಕೆಂಬ ಷರತ್ತು ಬೇಡ, ಇಂಥ ಥರದವು. ಪಟ್ಟಿ ಹತ್ತಕ್ಕೆ ಹೋದರೆ ಒಂದನ್ನೂ ಅವರು ಲೆಕ್ಕಕ್ಕಿಡಲ್ಲ.

ಬಯೋಡೇಟಾದಲ್ಲಿ ಇಸವಿಗಳನ್ನು ಕೂಡಿಸಿ ನೋಡಿ. 2019ಕ್ಕೆ ಓದು ಮುಗಿದು 2022ಕ್ಕೆ ಕೆಲಸ ಅಂತಿದ್ದರೆ ನಡುವಿನ ಮೂರು ವರ್ಷ ಏನಾಗಿತ್ತು? ತಪ್ಪೇ ಇರಬೇಕೆಂದಿಲ್ಲ, ಉತ್ತರ ಬೇಕು ಅಷ್ಟೇ. 'ಸ್ವಂತ ವ್ಯವಹಾರ' ಅಂದರೆ ಯಾವುದು, ಸಾಲ ಯಾರ ಹೆಸರಲ್ಲಿದೆ? ಹಿಂದೆ ಮದುವೆ ಆಗಿತ್ತಾ, ಎಲ್ಲಿಯಾದರೂ ಮಾತು ಪಕ್ಕಾ ಆಗಿ ಮುರಿದಿತ್ತಾ ಅಂತ ನೇರ ಕೇಳಿ. ಉತ್ತರ ಮೆಸೇಜಿನಲ್ಲೇ ಬರಲಿ. ಫೋನಿನಲ್ಲಿ ಹೇಳಿದ್ದನ್ನು ನಾಳೆ 'ನಾನು ಹಾಗಂದೇ ಇಲ್ಲ' ಅಂದುಬಿಡಬಹುದು.

ಎರಡನೇಸಾಲು:
ಭೇಟಿಗೆ ಒಂದು ಗಂಟೆ ಸಾಕು, ಆದರೆ ಅದರಲ್ಲಿ ಅರ್ಧ ಗಂಟೆಯಾದರೂ ಇಬ್ಬರೇ ಕೂತು ಮಾತಾಡಬೇಕು. ಅಭಿಪ್ರಾಯ ಕೇಳಬೇಡಿ, ನಡೆದದ್ದು ಕೇಳಿ. 'ಕೋಪ ಬರುತ್ತಾ?' ಅಂದರೆ ಎಲ್ಲರೂ ಇಲ್ಲ ಅಂತಾರೆ. 'ಮನೆಯಲ್ಲಿ ಕೊನೇ ಸಲ ಯಾವುದಕ್ಕೆ ಜಗಳ ಆಯ್ತು, ಮೊದಲು ಮಾತಾಡಿಸಿದ್ದು ಯಾರು?' ಅಂದರೆ ಒಂದು ಕ್ಷಣ ತಡೆದು, ಕಣ್ಣು ಪಕ್ಕಕ್ಕೆ ಸರಿಸಿ, ನಿಜ ಹೇಳ್ತಾರೆ. 'ಸಂಬಳ ಬಂದ ವಾರ ದುಡ್ಡು ಎಲ್ಲೆಲ್ಲಿಗೆ ಹೋಗುತ್ತೆ?' ಅನ್ನೋದು ಉಳಿತಾಯದ ಬಗ್ಗೆ ಹತ್ತು ಪ್ರಶ್ನೆಗೆ ಸಮ.

ದೊಡ್ಡವರೂ ಜೊತೆಗಿರುವಾಗ ಇನ್ನೊಂದು ಗಮನಿಸಿ. ನೀವು ಆ ವ್ಯಕ್ತಿಗೆ ಕೇಳಿದ ಪ್ರಶ್ನೆಗೆ ಪಕ್ಕದಲ್ಲಿ ಕೂತವರು ಉತ್ತರಿಸಿದರೆ, ಅದೇ ಪ್ರಶ್ನೆಯನ್ನು ಆ ವ್ಯಕ್ತಿಯ ಹೆಸರು ಹಿಡಿದು ಮತ್ತೆ ಕೇಳಿ. ಆಗಲೂ ಪಕ್ಕದವರೇ ಬಾಯಿ ತೆಗೆದರೆ ಮದುವೆ ಆದಮೇಲೆ ತೀರ್ಮಾನ ಯಾರದ್ದು ಅಂತ ಗೊತ್ತಾಯ್ತಲ್ಲ. ಇಬ್ಬರೇ ಇದ್ದಾಗ ಕೇಳಲೇಬೇಕಾದ್ದು: 'ನೀವು ಒಪ್ಪಿ ಬಂದಿದ್ದೀರಾ, ಒತ್ತಾಯಕ್ಕಾ?' ಮುಜುಗರ ಅಂತ ಇದನ್ನೊಂದು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ಒಂದೇ ಭೇಟಿಯಲ್ಲಿ ಹ್ಞೂಂ ಅನ್ನಬೇಡಿ, ಬೇರೆ ಬೇರೆ ಕಡೆ ಮೂರು ಸಲವಾದರೂ ಸಿಗಿ.

ಅಂಕಿಸಂಖ್ಯೆ:
ಗಣಿತದಲ್ಲಿ ಇದಕ್ಕೊಂದು ಲೆಕ್ಕ ಇದೆ: ಮೊದಲ 37% ಮಂದಿಯನ್ನು ಬರೀ ನೋಡಿ ಬಿಡಿ, ಆಮೇಲೆ ಅವರೆಲ್ಲರಿಗಿಂತ ಮೇಲು ಅನ್ನಿಸಿದ ಮೊದಲನೆಯವರನ್ನು ಒಪ್ಪಿ.

ಹಳೇಕೊಡೆ:
ಆ ಲೆಕ್ಕಕ್ಕೆ ಒಟ್ಟು ಎಷ್ಟು ಸಂಬಂಧ ಬರುತ್ತೆ ಅಂತ ಮೊದಲೇ ಗೊತ್ತಿರಬೇಕು, ಬಿಟ್ಟವರು ಮತ್ತೆ ಸಿಗಬಾರದು, ಎದುರಿನವರು ಬೇಡ ಅನ್ನಲೂಬಾರದು. ದಲ್ಲಾಳಿ ವ್ಯವಹಾರದಲ್ಲಿ ಮೂರೂ ಸುಳ್ಳು. ಇಷ್ಟಾಗಿ, ಅತ್ಯುತ್ತಮರು ಸಿಗುವ ಸಾಧ್ಯತೆಯೂ ಅದೇ 37%. ಗಣಿತಜ್ಞರಾದ ಗೇಲ್ ಮತ್ತು ಶಾಪ್ಲಿ 1962ರಲ್ಲಿ ತೋರಿಸಿದ್ದು ಇದಕ್ಕಿಂತ ಹತ್ತಿರದ ಮಾತು: ಅವರ ಜೋಡಿ ಹೊಂದಿಸುವ ವಿಧಾನದಲ್ಲಿ ಪ್ರಸ್ತಾಪ ಇಡುವ ಕಡೆಯವರಿಗೇ ಲಾಭ. ಬಂದದ್ದರಲ್ಲೇ ಆರಿಸುತ್ತಾ ಕೂರಬೇಡಿ, ಇಷ್ಟವಾದ ಕಡೆಗೆ ನೀವೇ ಕೇಳಿಸಿ.

ಬೇಡ ಅನ್ನೋದಾದರೆ ಎರಡು ದಿನದೊಳಗೆ, ಒಂದೇ ಸಾಲು: 'ನಮಗೆ ಮುಂದುವರಿಯುವ ಇಚ್ಛೆ ಇಲ್ಲ, ವಂದನೆಗಳು.' ಕಾರಣ ಕೊಟ್ಟಿರೋ, ಅದಕ್ಕೊಂದು ಪರಿಹಾರ ಹಿಡಿದು ದಲ್ಲಾಳಿ ಮತ್ತೆ ಬಾಗಿಲಿಗೆ ಬರ್ತಾರೆ. 'ಯೋಚಿಸ್ತೀನಿ' ಅಂತೂ ಬೇಡವೇ ಬೇಡ, ಆ ಕಡೆಗೆ ಅದು 'ಒಪ್ಪಿದ್ದಾರೆ' ಅಂತ ತಲುಪುತ್ತೆ. ಇಬ್ಬರಿಗೂ ಇಷ್ಟವಾದರೆ ಎರಡನೇ ಭೇಟಿಯಿಂದ ನೇರ ಮಾತಾಡಿ.

ಎರಡನೇಸಾಲು:
ಒಪ್ಪಿಗೆ ಆದಮೇಲೆ, ದಿನ ಗೊತ್ತು ಮಾಡುವ ಮುಂಚೆ, ಇಬ್ಬರೂ ಥಲಸ್ಸೀಮಿಯಾ (ಹೀಮೋಗ್ಲೋಬಿನ್ ಸರಿಯಾಗಿ ತಯಾರಾಗದ ಆನುವಂಶಿಕ ರಕ್ತದ ಕಾಯಿಲೆ) ವಾಹಕರೇ ಅಂತ ರಕ್ತ ಪರೀಕ್ಷೆ ಮಾಡಿಸಿ. ವಾಹಕರಿಗೆ ಸಾಮಾನ್ಯವಾಗಿ ಯಾವ ತೊಂದರೆಯೂ ಕಾಣಲ್ಲ. ಆದರೆ ಇಬ್ಬರೂ ಬೀಟಾ ಅನ್ನೋ ಬಗೆಯ ಥಲಸ್ಸೀಮಿಯಾದ ವಾಹಕರಾಗಿದ್ದರೆ ಪ್ರತಿ ಗರ್ಭದಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ 25%. ಕಬ್ಬಿಣದ ಅಂಶ ಕಡಿಮೆ ಇದ್ದರೆ ವಾಹಕರನ್ನು ಗುರುತಿಸಲು ಅಳೆಯುವ ಹೀಮೋಗ್ಲೋಬಿನ್ ಎ2 ತಗ್ಗಿ ಕಂಡು ವಾಹಕರೂ ಪರೀಕ್ಷೆಯಲ್ಲಿ ತಪ್ಪಿಸಿಕೊಳ್ಳಬಹುದು, ಹಾಗಾಗಿ ಮೈಯಲ್ಲಿ ಕಬ್ಬಿಣ ಎಷ್ಟು ಸಂಗ್ರಹ ಇದೆ ಅಂತ ತಿಳಿಸುವ ಫೆರಿಟಿನ್ ಕೂಡ ನೋಡಿಸಿ.