‘ಪ್ರಾವನೆನ್ಸ್’ಗೆ ‘ಮೂಲ’ ಅಂದರೆ ಸಾಕಾ?

ಗೆಳೆಯರೇ,

ಮಂಡ್ಯದ ವಕೀಲ ಮಿತ್ರರೊಬ್ಬರಿಗಾಗಿ ಹಳೆ ನಾಣ್ಯಗಳ ಒಡೆತನದ ತಕರಾರಿನ ಬಗ್ಗೆ ಒಂದು ಟಿಪ್ಪಣಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಪ್ರಾವನೆನ್ಸ್’ (ವಸ್ತು ಎಲ್ಲಿಂದ ಬಂತು, ಯಾರ ಯಾರ ಕೈ ದಾಟಿತು ಎಂಬ ವಿವರ) ಎಂಬ ಇಂಗ್ಲಿಷ್ ಪದ ಮತ್ತೆ ಮತ್ತೆ ಬರುತ್ತದೆ. ‘ಮೂಲ’ ಎಂದು ಬರೆದರೆ ಅರ್ಥ ಕೆಡುತ್ತದೆ.

ಒಂದು ಕಂಠೀರಾಯಿ ಹಣ, ಅಂದರೆ ಮೈಸೂರಿನ ಪುಟ್ಟ ಚಿನ್ನದ ನಾಣ್ಯ, ತಗೊಳ್ಳಿ. ಒಂದು ಕಡೆ ನರಸಿಂಹ, ಇನ್ನೊಂದು ಕಡೆ ನಾಗರಿ ಲಿಪಿಯ ಮೂರು ಸಾಲು. ಇದರ ಮೂಲ ಏನು ಅಂದರೆ, 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರ ನಾಣ್ಯ ಎನ್ನುತ್ತೇವೆ. (ಅದನ್ನೂ ನೋಡಿಕೊಂಡು ಹೇಳಬೇಕು. ದಿವಾನ್ ಪೂರ್ಣಯ್ಯನವರ ಕಾಲದಲ್ಲೂ ಇದೇ ಹಣ ಮತ್ತೆ ಅಚ್ಚಾಗಿದೆ.) ಆದರೆ ಕೋರ್ಟಿಗೆ ಬೇಕಾದ್ದು ಇದಲ್ಲ. ಅಜ್ಜಿಯ ಪೆಟ್ಟಿಗೆಯಲ್ಲಿತ್ತು ಅಂದರೆ ಅಣ್ಣ ತಮ್ಮಂದಿರ ಪಾಲಿನ ಪ್ರಶ್ನೆ. ಪಾಯ ತೋಡುವಾಗ ಸಿಕ್ಕಿತು ಅಂದರೆ ನಿಧಿಯ ಪ್ರಶ್ನೆ. ಹತ್ತು ರೂಪಾಯಿಗಿಂತ ಜಾಸ್ತಿ ಬೆಲೆಯ ನಿಧಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕು ಎಂದು 1878ರ ನಿಧಿ ಕಾಯ್ದೆಯೇ ಹೇಳಿತ್ತು. ನಮ್ಮ ರಾಜ್ಯಕ್ಕೆ 1962ರ ಕಾಯ್ದೆ ಬೇರೆ ಇದೆ. ನಾಣ್ಯ ಅದೇ, ಅಚ್ಚಾದ ಜಾಗವೂ ಅದೇ, ಹಕ್ಕುದಾರ ಮಾತ್ರ ಬೇರೆ!

ಇನ್ನೂ ಒಳ್ಳೆ ಉದಾಹರಣೆ ಬ್ರೂಟಸ್‌ನ ಚಿನ್ನದ ನಾಣ್ಯ. ಸೀಸರ್‌ನನ್ನು ಕೊಂದ ದಿನವನ್ನು ಅದರ ಮೇಲೆ ಅಚ್ಚು ಹಾಕಿಸಿದ್ದಾನೆ. 2020ರಲ್ಲಿ ಲಂಡನ್ನಿನಲ್ಲಿ ಹರಾಜಾಯಿತು. ನಾಣ್ಯ ಅಸಲಿ, ಅದು ಯಾರ್‍ಯಾರ ಬಳಿ ಇತ್ತು ಎಂಬ ಕಥೆ ಮಾತ್ರ ನಕಲಿ. ಗ್ರೀಸ್‌ನಿಂದ ಕದ್ದು ಸಾಗಿಸಿದ್ದು ಎಂದು 2023ರಲ್ಲಿ ಅಲ್ಲಿಗೇ ವಾಪಸ್ ಕೊಟ್ಟರು. ಹೊರಡಿಸಿದವನು ರೋಮಿನವನು, ಮರಳಿದ್ದು ಗ್ರೀಸ್‌ಗೆ. ಇಲ್ಲಿ ‘ಮೂಲ’ ಅಂದರೆ ಯಾವುದು ಅಂತ ಹೇಳೋಣ?

ಕಾಗದವೊಂದಿದ್ದರೆ ಆಯಿತು ಎಂದೂ ಅಲ್ಲ. ಪಾಲುಪಟ್ಟಿಯಲ್ಲಿ ‘ಹಳೆ ಚಿನ್ನದ ಹಣ, 12’ ಎಂದಿದ್ದರೆ ಆ ಹನ್ನೆರಡು ಇವೇ ಎನ್ನಲು ಏನು ಆಧಾರ? ಪುಣ್ಯಕ್ಕೆ ಹಿಂದಿನವರು ಸುತ್ತಿಗೆಯಲ್ಲಿ ಹೊಡೆದು ಅಚ್ಚೊತ್ತುತ್ತಿದ್ದರು. ಹಾಗಾಗಿ ಒಂದರಂತೆ ಇನ್ನೊಂದಿರುವುದಿಲ್ಲ. ಅಂಚಿನ ಓರೆ, ಪಕ್ಕಕ್ಕೆ ಜರುಗಿದ ಅಚ್ಚು, ಗೀರು, ತೂಕ, ಇವನ್ನೆಲ್ಲ ಹಳೆ ಫೋಟೊ ಅಥವಾ ಹರಾಜು ಕ್ಯಾಟಲಾಗಿನ ಚಿತ್ರದ ಜೊತೆ ತಾಳೆ ನೋಡಬಹುದು. ಅರ್ಧ ಗ್ರಾಮೂ ತೂಗದ ಕಂಠೀರಾಯಿ ಹಣಕ್ಕೆ ಅಂಥ ಫೋಟೊ ಯಾರ ಮನೆಯಲ್ಲಿರುತ್ತದೆ ಅನ್ನುವುದು ಬೇರೆ ಮಾತು.

ಸದ್ಯಕ್ಕೆ ‘ಅಚ್ಚಾದ ಜಾಗ’, ‘ಸಿಕ್ಕ ಜಾಗ’, ‘ಕೈ ಬದಲಾದ ದಾಖಲೆ’ ಎಂದು ಮೂರಾಗಿ ಒಡೆದು ಬರೆಯುತ್ತಿದ್ದೇನೆ. ಮೂರನ್ನೂ ಹಿಡಿಯುವ ಒಂದೇ ಪದ ಬೇಕಾದಾಗ ‘ಪೂರ್ವಾಪರ’ ನನಗೆ ಹಿಡಿಸಿದೆ. ಗಂಡಿನ ಪೂರ್ವಾಪರ ವಿಚಾರಿಸಿದಿರಾ ಅಂತ ಕೇಳ್ತೀವಲ್ಲ, ಆ ಅರ್ಥ ಇಲ್ಲಿಗೂ ಒಗ್ಗುತ್ತದೆ. ವಕೀಲರಿಗೆ ಅದು ಸಡಿಲ ಅನಿಸುತ್ತದಂತೆ. ಅವರಿಗೆ ಜಮೀನಿನ ‘ಮೂಲಪತ್ರ’ದ ಹಾಗೆ ಗಟ್ಟಿಯಾದದ್ದು ಬೇಕು.

ಇನ್ನೊಂದು ಸಂದೇಹ. ದಾನಶಾಸನಗಳಲ್ಲಿ ‘ನಿಧಿ ನಿಕ್ಷೇಪ ಜಲ ಪಾಷಾಣ’ ಎಂದು ಶುರುಮಾಡಿ ಅಷ್ಟಭೋಗಗಳನ್ನು, ಅಂದರೆ ಭೂಮಿಯ ಎಂಟು ಬಗೆಯ ಅನುಭೋಗದ ಹಕ್ಕುಗಳನ್ನು, ಎಣಿಸುತ್ತಾರೆ. ನೆಲದಡಿಯ ನಿಧಿಯೂ ದಾನ ಪಡೆದವನಿಗೇ, ಈಗಿನ ಹಾಗಲ್ಲ. ಅಲ್ಲಿ ನಿಧಿ ಬೇರೆ, ನಿಕ್ಷೇಪ ಬೇರೆ ಅಲ್ವಾ? ಬೇಕೆಂದೇ ಹೂತಿಟ್ಟದ್ದಕ್ಕೆ ‘ನಿಕ್ಷೇಪ’ ಎಂದು ಬಳಸಿದರೆ ಶಾಸನ ಬಲ್ಲವರು ಒಪ್ಪುತ್ತೀರಾ? ಮೈಸೂರು ಸಂಸ್ಥಾನದ ಹಳೆ ಕೋರ್ಟು ಕಾಗದಗಳಲ್ಲಿ, ಚಿನಿವಾರರ ಮಾತಿನಲ್ಲಿ ಒಡವೆ ಕೈ ಬದಲಾದದ್ದಕ್ಕೆ ಏನಾದರೂ ಪದ ಕಂಡಿದ್ದರೆ ವಾಕ್ಯದ ಸಮೇತ ತಿಳಿಸಿ.